ಮಯತಳಾದವಳ ತವರು

ಸುಗ್ಗಿ ಮುಗಿದು ಕಣದಲ್ಲಿ ಕಡಲೆ ಹೊಟ್ಟು ಮಾತ್ರ ಉಳಿಯುವ ಹೊತ್ತಿಗೆ ನಮ್ಮ ಹುಲಕೋಟಿಗೆ ಹೆಳವರು ಬರುತ್ತಾರೆ. ಮೊದಲು ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಬರುತ್ತಿದ್ದರಂತೆ. ನಾನು ಕಂಡ ಹೆಳವ ಬಂದದ್ದು ಮೋಟರ್ ಸೈಕಲ್ ಮೇಲೆ. ಹೆಗಲಿಗೆ ಚೀಲ, ಚೀಲದೊಳಗೆ ಅರಿವೆ ಸುತ್ತಿದ ದಪ್ಪ ಪುಸ್ತಕ. ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂರಿಸಿದ ಮೇಲೆ ನಮ್ಮ ಮನೆತನದ ಮೂಲಪುರುಷನಿಂದ ಶುರು ಮಾಡಿದ. ಬೆಡಗು ಯಾವುದು, ಮನೆದೇವರು ಯಾರು, ಯಾವ ಊರು ಬಿಟ್ಟು ಯಾವ ಊರಿಗೆ ಬಂದರು, ಯಾರಿಗೆ ಎಷ್ಟು ಗಂಡುಮಕ್ಕಳು, ಯಾರ ಸಂತಾನ ಅಲ್ಲಿಗೇ ನಿಂತಿತು ಎಂದು ಎಲ್ಲೂ ತಡವರಿಸದೆ ಒಂಬತ್ತು ತಲೆಮಾರು ಹೇಳಿ ಮುಗಿಸಿದ. ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ಆಯಿ ಮರದಲ್ಲಿ ಜೋಳ ಹಿಡಿದುಕೊಂಡು ಹೊರಗೆ ಬಂದಳು.

‘ಎಲ್ಲಾ ಖರೇನ ಹೇಳಿದಿ. ನಮ್ಮವ್ವನ ತವರಮನಿ ಯಾವೂರು, ಅದನ್ನಷ್ಟ ಹೇಳು ನೋಡೂಣು.’

‘ಅವ್ವಾರ, ನಾವು ನಿಮ್ಮ ಗಂಡನ ಮನಿ ಹೆಳವ್ರು. ನಿಮ್ಮಪ್ಪನ ಮನಿತನಕ್ಕ ಬ್ಯಾರೇ ಹೆಳವ್ರು ಅದಾರ್ರಿ. ಅವರ ಪುಸ್ತಕದಾಗೂ ನಿಮ್ಮಪ್ಪನ ಹೆಸರ ಸಿಗತೈತಿ. ನಿಮ್ಮವ್ವಂದು ಸಿಗೂದು ಕಷ್ಟ.’

ಆಯಿ ಜೋಳ ಸುರಿದು ಒಳಗೆ ಹೋದಳು. ಅವಳು ಮೂರು ವರ್ಷದವಳಿದ್ದಾಗ ಅವಳ ತಾಯಿ ತೀರಿಕೊಂಡಳು. ಅಪ್ಪ ವರ್ಷದೊಳಗೆ ಇನ್ನೊಂದು ಮದುವೆಯಾದ. ಸತ್ತವಳ ತವರಿನವರು ಒಮ್ಮೆ ಬಂದು ಜಗಳಾಡಿ ಹೋದರು, ಮತ್ತೆ ಬರಲಿಲ್ಲ. ಆಯಿಗೆ ಉಳಿದದ್ದು ಎರಡೇ ಮಾತು: ಅವ್ವ ‘ಹೊಳಿ ಆಚೆ’ಯವಳು, ಅವಳು ಸತ್ತದ್ದು ಗಾಂಧಿ ಸಾಯುವುದಕ್ಕಿಂತ ಒಂದು ಹಂಗಾಮು ಮೊದಲು.

ಗದಗ ಸೀಮೆಯ ಗ್ರಾಮ ದಾಖಲೆಗಳೇ ನನ್ನ ಪಿಎಚ್.ಡಿ. ವಿಷಯ. ಊರವರ ಹೊಲದ ಕಥೆಯನ್ನೆಲ್ಲ ಕಡತದಿಂದ ಹೆಕ್ಕುವವನಿಗೆ ತನ್ನ ಆಯಿಯ ಈ ಒಂದು ಪ್ರಶ್ನೆಗೆ ಉತ್ತರ ಕೊಡಲಾಗಲಿಲ್ಲ. ಅದರ ನಾಚಿಕೆಯಿಂದಲೇ ನಾನು ಸಾವಿನ ದಾಖಲೆಗಳತ್ತ ತಿರುಗಿದ್ದು.

ಆ ಸಮಯದಲ್ಲಿ ಓದಿದ ವಿಷಯವೊಂದು ನನಗೆ ದಾರಿ ತೋರಿತು. ಅಮೆರಿಕದ ಷಿಕಾಗೊ, ಡೆಟ್ರಾಯಿಟ್, ಬಫಲೊ ಮುಂತಾದ ನಗರಗಳಿಗೆ 19ನೆಯ ಶತಮಾನದ ಕೊನೆಯಲ್ಲಿ ಪೋಲೆಂಡಿನ ರೈತ ಮಕ್ಕಳು ಲಕ್ಷಗಟ್ಟಲೆ ಹೋದರು. ಅವರ ಮೊಮ್ಮಕ್ಕಳು, ಮರಿಮಕ್ಕಳು ಈಗ ತಮ್ಮ ಮೂಲದ ಹಳ್ಳಿ ಹುಡುಕಲು ಹೊರಟರೆ ಮೊದಲು ನೋಡುವ ಕಾಗದಗಳಲ್ಲಿ ಅಜ್ಜನ ಮರಣ ಪ್ರಮಾಣಪತ್ರವೂ ಒಂದು. ಹುಟ್ಟಿದ ಊರನ್ನು ಸಾವಿನ ಕಾಗದದಲ್ಲಿ ಹುಡುಕುವುದೆಂದರೆ ವಿಚಿತ್ರ ಅನ್ನಿಸಬಹುದು. ಆದರೆ ಅಲ್ಲಿನ ನಮೂನೆಯನ್ನು ಒಮ್ಮೆ ನೋಡಿದರೆ ಕಾರಣ ತಿಳಿಯುತ್ತದೆ. 20ನೆಯ ಶತಮಾನದ ಆರಂಭದಿಂದಲೇ ಅದರಲ್ಲಿ ಸತ್ತವನ ಹೆಸರು, ವಯಸ್ಸು, ಉದ್ಯೋಗದ ಜೊತೆಗೆ ಅವನು ಹುಟ್ಟಿದ ಸ್ಥಳ, ತಂದೆಯ ಹೆಸರು, ತಂದೆ ಹುಟ್ಟಿದ ಸ್ಥಳ, ತಾಯಿಯ ಮದುವೆಗೆ ಮುಂಚಿನ ಹೆಸರು, ತಾಯಿ ಹುಟ್ಟಿದ ಸ್ಥಳ ಇಷ್ಟನ್ನೂ ಕೇಳುತ್ತಿದ್ದರು. ಕೊನೆಯ ಎರಡು ಮನೆಗಳನ್ನು ನೋಡಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಸತ್ತವನ ತಾಯಿಯ ತವರು ಯಾವುದು ಎಂದು ಅಲ್ಲಿನ ಸರಕಾರ ಪ್ರತಿಯೊಂದು ಸಾವಿನ ಹೊತ್ತಿಗೂ ಕೇಳುತ್ತಿತ್ತು.

ಕೇಳಿದ ಮಾತ್ರಕ್ಕೆ ಉತ್ತರ ಸಿಗುತ್ತಿತ್ತು ಅಂತಲ್ಲ. ಸತ್ತವನು ತಾನೇ ಬಂದು ಮಾಹಿತಿ ಕೊಡುವುದಿಲ್ಲವಲ್ಲ. ಬರೆಸುವವನು ಮಗನೋ ಅಳಿಯನೋ ಪಕ್ಕದ ಕೋಣೆಯ ಬಾಡಿಗೆದಾರನೋ ಆಗಿರುತ್ತಿದ್ದ. ಅಮೆರಿಕದಲ್ಲೇ ಹುಟ್ಟಿದ ಮಗನಿಗೆ ಅಪ್ಪನ ಹಳ್ಳಿಯ ಹೆಸರು ಗೊತ್ತಿಲ್ಲ, ಅಜ್ಜಿಯ ಹೆಸರಂತೂ ಮೊದಲೇ ಇಲ್ಲ. ಹೀಗಾಗಿ ಎಷ್ಟೋ ಪತ್ರಗಳಲ್ಲಿ ‘ತಿಳಿದಿಲ್ಲ’ ಎಂಬ ಮಾತೇ ಇರುತ್ತದೆ. ಹೆಸರುಗಳೂ ಕಿವಿಗೆ ಬಿದ್ದ ಹಾಗೆ ಬರೆಯಲ್ಪಟ್ಟವು. ಪೋಲಿಷ್ ಮನೆತನದ ಹೆಸರು ಎಷ್ಟೋ ಸಲ ಗಂಡಸಿಗೆ ‘ಸ್ಕಿ’, ಹೆಂಗಸಿಗೆ ‘ಸ್ಕಾ’ ಎಂದು ಮುಗಿಯುತ್ತದೆ. ಅಮೆರಿಕದ ಗುಮಾಸ್ತನಿಗೆ ಇದು ತಿಳಿಯದೆ ಅಣ್ಣತಂಗಿಯರು ಬೇರೆ ಬೇರೆ ಮನೆತನದವರಾದರು. (ಎಲಿಸ್ ದ್ವೀಪದ ಅಧಿಕಾರಿಗಳು ವಲಸಿಗರ ಹೆಸರನ್ನು ಬದಲಿಸಿಬಿಟ್ಟರು ಎಂಬ ಕಥೆ ಅಲ್ಲಿ ಮನೆಮನೆಯಲ್ಲೂ ಇದೆ. ಅದು ನಿಜವಲ್ಲ. ಹಡಗಿನ ಪಟ್ಟಿಗಳು ಹೊರಡುವ ಬಂದರಿನಲ್ಲೇ ತಯಾರಾಗಿರುತ್ತಿದ್ದವು. ಹೆಸರು ಬದಲಾದದ್ದು ಆಮೇಲೆ, ಕೆಲಸದ ಜಾಗದಲ್ಲಿ, ಶಾಲೆಯಲ್ಲಿ, ಎಷ್ಟೋ ಸಲ ಅವರ ಇಷ್ಟದಿಂದಲೇ.)

ಇನ್ನೊಂದು ತೊಡಕು ನನಗೆ ತೀರ ಹತ್ತಿರದ್ದೆನಿಸಿತು. 1772, 1793, 1795ರಲ್ಲಿ ಮೂರು ಸಲ ಹಂಚಿಹೋದ ಪೋಲೆಂಡ್ 1918ರವರೆಗೆ ಸ್ವತಂತ್ರ ದೇಶವಾಗಿ ಇರಲೇ ಇಲ್ಲ. ರಷ್ಯಾ, ಆಸ್ಟ್ರಿಯಾ, ಪ್ರಷ್ಯಾ ಅದನ್ನು ಹಂಚಿಕೊಂಡಿದ್ದವು. ಆದ್ದರಿಂದ ಒಂದೇ ಭಾಷೆಯಾಡುವ, ಒಂದೇ ಇಗರ್ಜಿಗೆ ಹೋಗುವ ಮೂವರು ಷಿಕಾಗೊದಲ್ಲಿ ಸತ್ತರೆ ಒಬ್ಬನ ಕಾಗದದಲ್ಲಿ ಹುಟ್ಟಿದ್ದು ರಷ್ಯಾ, ಇನ್ನೊಬ್ಬನದರಲ್ಲಿ ಆಸ್ಟ್ರಿಯಾ, ಮತ್ತೊಬ್ಬನದರಲ್ಲಿ ಜರ್ಮನಿ.

ನಮ್ಮ ಸೀಮೆಯ ಹಳೆಯ ನಕಾಶೆಯನ್ನು ಮುಂದಿಟ್ಟುಕೊಂಡರೆ ಇದೇ ಕಥೆ. ಸ್ವಾತಂತ್ರ್ಯದ ವರ್ಷ ಹುಲಕೋಟಿ, ಗದಗ, ಮುಂಡರಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಪೂರ್ವಕ್ಕೆ ಕೊಪ್ಪಳ ಹೈದರಾಬಾದ್ ನಿಜಾಮನ ಸೀಮೆ. ತುಂಗಭದ್ರೆ ದಾಟಿದರೆ ಹಡಗಲಿ, ಅದು ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆ. ಇವೆಲ್ಲ ಒಂದೆರಡು ದಿನ ಚಕ್ಕಡಿ ಹೂಡಿದರೆ ಮುಟ್ಟಬಹುದಾದ ಊರುಗಳು, ಹೆಣ್ಣು ಕೊಟ್ಟು ತರುವ ಊರುಗಳು. ಲಕ್ಷ್ಮೇಶ್ವರದ ಹತ್ತಿರದ ಹಳ್ಳಿಯಲ್ಲಿ ಹುಟ್ಟಿದ ಆಯಿ ಮಿರಜ ಸಂಸ್ಥಾನದ ಪ್ರಜೆ. ಅವಳ ತಾಯಿ ಹೊಳೆಯಾಚೆಯವಳೆಂದರೆ ಮದ್ರಾಸಿನವಳು. ಗಂಡನ ಮನೆಗೆ ಬಂದ ಹೆಣ್ಣುಮಗಳು ಎರಡು ಮೂರು ಸರಕಾರಗಳ ಗಡಿ ದಾಟಿರುತ್ತಿದ್ದಳು, ಯಾರೂ ಅದನ್ನು ವಲಸೆ ಎನ್ನುತ್ತಿರಲಿಲ್ಲ. ದಕ್ಷಿಣದ ಮರಾಠಾ ಸಂಸ್ಥಾನಗಳು 1948ರ ಮಾರ್ಚಿನಲ್ಲಿ ಮುಂಬಯಿ ಪ್ರಾಂತದೊಳಗೆ ಸೇರಿದವು. ಹಡಗಲಿ 1953ರಲ್ಲಿ ಮೈಸೂರಿಗೆ ಬಂತು. ಧಾರವಾಡ ಮತ್ತು ಕೊಪ್ಪಳ ಬಂದದ್ದು 1956ರಲ್ಲಿ. ಗದಗ ಜಿಲ್ಲೆಯಾದದ್ದು 1997ರಲ್ಲಿ. ಪ್ರತಿಯೊಂದು ಬದಲಾವಣೆಯಲ್ಲೂ ಕಾಗದದ ಗಂಟುಗಳು ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋದವು, ಕೆಲವು ಹೋಗುವ ದಾರಿಯಲ್ಲೇ ಉಳಿದವು.

ಸಾವನ್ನು ಬರೆದಿಡುವ ರೂಢಿ ಈ ನೆಲಕ್ಕೆ ಹೊಸದೇನೂ ಅಲ್ಲ. ತುರುಗಳನ್ನು ಬಿಡಿಸಲು ಹೋಗಿ ಸತ್ತವನಿಗೆ ವೀರಗಲ್ಲು, ಸಲ್ಲೇಖನ ವ್ರತದಿಂದ ದೇಹ ಬಿಟ್ಟವರಿಗೆ ನಿಸಿಧಿ. ಅಕ್ಷರವಿರುವ ವೀರಗಲ್ಲಿನಲ್ಲಿ ಸತ್ತವನು ಯಾರ ಮಗ, ಯಾವ ಊರಿನವನು ಎಂಬುದು ಎಷ್ಟೋ ಸಲ ಇರುತ್ತದೆ. ಆದರೆ ಅದು ಹೋರಾಡಿ ಸತ್ತವರ ಭಾಗ್ಯ. ಹಸಿವಿನಿಂದ ಸತ್ತವರಿಗೆ ಕಲ್ಲಿಲ್ಲ. 1791–92ರ ಬರಕ್ಕೆ ಜನ ‘ಡೋಗಿ ಬರ’, ಅಂದರೆ ತಲೆಬುರುಡೆಯ ಬರ ಎಂದು ಹೆಸರಿಟ್ಟರು. ಹೂಳುವವರೂ ಇಲ್ಲದೆ ಬಯಲಲ್ಲಿ ಉಳಿದ ಬುರುಡೆಗಳೇ ಅದಕ್ಕೆ ದಾಖಲೆ. ಜನನ ಮರಣ ನೋಂದಣಿಗೆಂದು ಬ್ರಿಟಿಷರು 1886ರಲ್ಲಿ ಕಾಯ್ದೆ ಮಾಡಿದರಾದರೂ ಅದು ಐಚ್ಛಿಕವಾಗಿತ್ತು. ಹಳ್ಳಿಗಳಲ್ಲಿ ಸಾವುಗಳ ಲೆಕ್ಕ ಇಡುತ್ತಿದ್ದವರು ಪಾಟೀಲರು, ಕುಲಕರ್ಣಿಗಳು. ಎಷ್ಟು ಜನ ಸತ್ತರು, ಏನಾಗಿ ಸತ್ತರು ಎಂಬುದು ಮೇಲಿನವರಿಗೆ ಬೇಕಾಗಿತ್ತು. ಪ್ಲೇಗು, ಕಾಲರಾ ಬಂದರೆ ತಿಳಿಯಬೇಕಲ್ಲ. ಉಳಿದದ್ದಕ್ಕೆಲ್ಲ ‘ಜ್ವರ’ ಎಂಬ ಒಂದೇ ಕಾರಣ.

ಊರು ಬಿಟ್ಟು ಹೋಗಿ ಸತ್ತ ನಮ್ಮವರ ತಂದೆಯ ಹೆಸರನ್ನೂ ಹಳ್ಳಿಯ ಹೆಸರನ್ನೂ ಒಟ್ಟಿಗೆ ಬರೆದಿಟ್ಟ ದಾಖಲೆ ಯಾವುದಾದರೂ ಇದೆಯೇ ಎಂದು ಹುಡುಕಿದರೆ ಮೊದಲು ಸಿಗುವುದು ಯುದ್ಧದ್ದು. ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ ಪಟ್ಟಿಯಲ್ಲಿ ಮುಂಬಯಿ ಪ್ರಾಂತದ ಎಷ್ಟೋ ಸಿಪಾಯಿಗಳ ಮುಂದೆ ಇಂಥವನ ಮಗ, ಇಂಥ ಹಳ್ಳಿ, ಇಂಥ ತಾಲ್ಲೂಕು, ಇಂಥ ಜಿಲ್ಲೆ ಎಂದಿದೆ. ಆದರೆ ಇದೇ ಆಯೋಗ ಬಸ್ರಾದ ಸ್ಮಾರಕ ಕಟ್ಟಿದಾಗ ಬ್ರಿಟಿಷರ ಹೆಸರುಗಳನ್ನು ಕೆತ್ತಿಸಿತು, ಭಾರತೀಯ ಸಾಮಾನ್ಯ ಸಿಪಾಯಿಗಳನ್ನು ಪಲ್ಟಣಕ್ಕೆ ಇಷ್ಟು ಎಂದು ಬರೀ ಸಂಖ್ಯೆಯಲ್ಲಿ ಹೇಳಿ ಮುಗಿಸಿತು. ಹೀಗಾದದ್ದು ತಪ್ಪು ಎಂದು ಆಯೋಗ ತನ್ನ ವರದಿಯಲ್ಲಿ ಒಪ್ಪಿಕೊಂಡದ್ದು 2021ರಲ್ಲಿ.

ಆಯಿಯ ತಾಯಿ ಸಿಪಾಯಿಯಲ್ಲ. ಅವಳಿಗಾಗಿ ನಾನು ಹೋದದ್ದು ಒಂದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ. ಗುಮಾಸ್ತರು ‘ಆ ಕಾಲದ್ದ ಏನೂ ಇಲ್ರಿ’ ಎಂದರು. ನಾಲ್ಕನೆಯ ಸಲ ಹೋದಾಗ ‘ನೀವ ನೋಡ್ಕೋರಿ’ ಎಂದು ಕೀಲಿಕೈ ಕೊಟ್ಟರು. ಕೆಂಪು ಬಟ್ಟೆಯ ಗಂಟುಗಳು, ಅರ್ಧ ಗೆದ್ದಲಿನ ಪಾಲು. ಸಂಸ್ಥಾನದ ಲೆಕ್ಕ ಮರಾಠಿಯಲ್ಲಿ, ಕುಲಕರ್ಣಿಯ ಕೈಬರಹ ಮೋಡಿಯಲ್ಲಿ. ಮೋಡಿ ಓದಲು ನಾನು ಎರಡು ವರ್ಷ ಪಟ್ಟ ಕಷ್ಟ ಆ ಮಧ್ಯಾಹ್ನ ಸಾರ್ಥಕವಾಯಿತು. ಆಯಿಯ ಅಪ್ಪನ ಊರಿನ 1947ರ ಪುಸ್ತಕದ ಕೊನೆಯ ಹಾಳೆಗಳಲ್ಲಿ ಒಂದು ಸಾಲು: ಒಂದು ಹೆಸರು, ‘ಇಂಥವನ ಬಾಯ್ಕೋ’, ವಯ 22, ತಾಪ. ಅಷ್ಟೇ. ಇಂಥವನು ಆಯಿಯ ಅಪ್ಪ.

ಮನೆಗೆ ಬಂದು ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಆಯಿಗೆ ಮೋಡಿಯೂ ಬಾರದು, ಕನ್ನಡವೂ ಬಾರದು. ಬೆರಳಿನಿಂದ ಆ ಸಾಲನ್ನು ಮುಟ್ಟಿ ನೋಡಿದಳು, ಪರದೆ ಸರಿದು ಬೇರೆ ಹಾಳೆ ಬಂತು. ‘ಇಪ್ಪತ್ತೆರಡ ವರ್ಷಾ?’ ಅಂದಳು. ಅವಳ ಮನಸ್ಸಿನಲ್ಲಿ ಅವ್ವ ಯಾವಾಗಲೂ ತನಗಿಂತ ದೊಡ್ಡವಳು.

ತವರಿನ ಊರು ಮಾತ್ರ ಅಲ್ಲಿರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ, ಏಕೆಂದರೆ ಆ ಪುಸ್ತಕದಲ್ಲಿ ಅದನ್ನು ಕೇಳುವ ಮನೆಯೇ ಇಲ್ಲ. ನೋಂದಣಿಯನ್ನು ಕಡ್ಡಾಯ ಮಾಡಿದ 1969ರ ಕಾಯ್ದೆಯ ನಂತರವೂ ಇದು ಬದಲಾಗಲಿಲ್ಲ. ಇಂದಿನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರಿದೆ, ಕಾಯಂ ವಿಳಾಸವಿದೆ. ಮದುವೆಯಾದ ಹೆಣ್ಣುಮಗಳ ಕಾಯಂ ವಿಳಾಸವೆಂದರೆ ಗಂಡನ ಮನೆ. ಹುಟ್ಟಿದ ಊರಿಗೆ ಜಾಗವಿಲ್ಲ. ಇದೇ ಕಾಯ್ದೆಯ ಪ್ರಕಾರ ಸಾವು ಎಲ್ಲಿ ಸಂಭವಿಸಿತೋ ಅಲ್ಲೇ ನೋಂದಣಿಯಾಗಬೇಕು. ನಮ್ಮ ಗದಗ, ಮುಂಡರಗಿ, ಶಿರಹಟ್ಟಿ ಕಡೆಯಿಂದ ಗೋವಾಕ್ಕೆ, ಮಂಗಳೂರಿಗೆ ಗುಳೆ ಹೋದವರು ಅಲ್ಲಿ ಕಟ್ಟಡದಿಂದ ಬಿದ್ದು ಸತ್ತರೆ ಅವರ ಹೆಸರು ಅಲ್ಲಿನ ಪುಸ್ತಕದಲ್ಲಿ, ಅಲ್ಲಿನ ಲಿಪಿಯಲ್ಲಿ, ಮುಕಾದಮ ಹೇಳಿದಂತೆ ದಾಖಲಾಗುತ್ತದೆ. ಹೆಸರಿನ ಒಂದಕ್ಷರ ತಪ್ಪಿದ್ದಕ್ಕೆ ವಿಧವಾ ವೇತನ ಸಿಗದೆ ತಿರುಗಾಡುವ ಹೆಣ್ಣುಮಕ್ಕಳನ್ನು ನಾನು ನೋಡಿದ್ದೇನೆ. ಮುಂದೆ ಯಾವನೋ ಮರಿಮೊಮ್ಮಗ ಅವರನ್ನು ಹುಡುಕಲು ಹೊರಟರೆ ಷಿಕಾಗೊದ ಪೋಲಿಷರಂತೆ ಪರಊರಿನ ಕಚೇರಿಯ ಬಾಗಿಲು ತಟ್ಟಬೇಕಾದೀತು.

ಪೋಲಿಷ್ ಮೂಲದವರ ಹುಡುಕಾಟದಿಂದ ನಾನು ಕಲಿತ ಒಂದು ಉಪಾಯವಿದೆ. ಬೇಕಾದವನ ಕಾಗದದಲ್ಲಿ ಊರು ಸಿಗದಿದ್ದರೆ ಅವನನ್ನು ಬಿಟ್ಟು ಅವನ ಅಣ್ಣತಮ್ಮಂದಿರ, ಅಕ್ಕತಂಗಿಯರ ಸಾವನ್ನು ಹುಡುಕಬೇಕು. ಒಬ್ಬನ ಮಗನಿಗೆ ಗೊತ್ತಿಲ್ಲದ್ದು ಇನ್ನೊಬ್ಬಳ ಗಂಡನಿಗೆ ಗೊತ್ತಿರುತ್ತದೆ. ಅಲ್ಲಿನ ಪೋಲಿಷ್ ಪತ್ರಿಕೆಗಳಲ್ಲಿ ಬಂದ ನಿಧನ ವಾರ್ತೆಗಳೂ ಸಹಾಯಕ್ಕೆ ಬರುತ್ತವೆ. ಷಿಕಾಗೊದಲ್ಲಿ 1890ರಲ್ಲಿ ಶುರುವಾದ ‘ಜೆನ್ನಿಕ್ ಷಿಕಾಗೊಸ್ಕಿ’ ಪತ್ರಿಕೆಯ ನಿಧನ ವಾರ್ತೆಗಳಿಗೆ ಪ್ರತ್ಯೇಕ ಸೂಚಿಯನ್ನೇ ಮಾಡಿದ್ದಾರೆ. ನಮ್ಮಲ್ಲಿ ಅಂಥ ಪತ್ರಿಕೆಯಿಲ್ಲ. ಆದರೆ ಸತ್ತವರನ್ನು ಅವರ ಅಣ್ಣತಮ್ಮಂದಿರ ಜೊತೆ ಸೇರಿಸಿ ಬರೆಯುವ ಒಂದು ಪುಸ್ತಕ ಪ್ರತಿ ಹಳ್ಳಿಯಲ್ಲೂ ಇದೆ. ಅದು ಹೊಲದ ಹಕ್ಕು ಬದಲಾವಣೆಯ ಪುಸ್ತಕ.

ಹೊಲದ ಯಜಮಾನ ಸತ್ತರೆ ಯಾರ ಹೆಸರು ಹಚ್ಚಬೇಕು? ಹಳೆಯ ಮುಂಬಯಿ ಪ್ರಾಂತದ ನಮ್ಮ ಕಡೆಯ ನೋಂದಿನಲ್ಲಿ ‘ಇಂಥವನು ಮಯತನಾದ ಪ್ರಯುಕ್ತ ವಾರಸದಾರರಾದ…’ ಎಂದು ಶುರುವಾಗುತ್ತದೆ. ಮಯತ ಅರಬ್ಬಿಯಿಂದ ಮರಾಠಿಯ ಹಾದಿಯಾಗಿ ಬಂದ ಶಬ್ದ. ಸರಕಾರ ಈಗ ಎಲ್ಲ ಕಡೆ ಬಳಸುವ ‘ಪೌತಿ ಖಾತೆ’ಯ ಪೌತಿಯೂ ಅರಬ್ಬಿಯದೇ. ಎರಡಕ್ಕೂ ಅರ್ಥ ಸಾವು. ಸತ್ತವರಿಗೆ ನಾವು ಲಿಂಗೈಕ್ಯ, ಶಿವಾಧೀನ, ವೈಕುಂಠವಾಸಿ ಎಂದೆಲ್ಲ ಹೇಳಿಕೊಳ್ಳುತ್ತೇವೆ. ಹೊಲದ ಲೆಕ್ಕಕ್ಕೆ ಬಂದಾಗ ಎಲ್ಲರೂ ಮಯತ.

ಈ ಪುಸ್ತಕಗಳನ್ನು ಓದಿದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳದೆ ಇರದು. ಹಳೆಯ ನೋಂದುಗಳಲ್ಲಿ ಗಂಡುಮಕ್ಕಳ ಹೆಸರು, ಅವರಿಲ್ಲದಿದ್ದರೆ ಹೆಂಡತಿಯ ಹೆಸರು. ಹೆಣ್ಣುಮಕ್ಕಳು ಕಾಣುವುದು ಅಪರೂಪ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಮಗಳನ್ನು ಮೊದಲ ದರ್ಜೆಯ ವಾರಸುದಾರಳೆಂದು ಕರೆದರೂ ಊರ ಪುಸ್ತಕ ಅದನ್ನು ಕೇಳಿಸಿಕೊಳ್ಳಲಿಲ್ಲ. 1994ರಲ್ಲಿ ಕರ್ನಾಟಕದ ತಿದ್ದುಪಡಿ ಬಂತು, 2005ರಲ್ಲಿ ಕೇಂದ್ರದ್ದು. ಆಮೇಲೆ ನಿಧಾನವಾಗಿ ಹೆಣ್ಣುಮಕ್ಕಳು ಕಾಗದದ ಮೇಲೆ ಬರತೊಡಗಿದರು. ಬ್ಯಾಂಕಿನವರು, ಹೊಲ ಕೊಳ್ಳುವವರ ವಕೀಲರು ವಂಶವೃಕ್ಷ ಕೇಳುತ್ತಾರೆ, ಅದರಲ್ಲಿ ಹೆಣ್ಣುಮಕ್ಕಳನ್ನು ಬಿಟ್ಟರೆ ಒಪ್ಪುವುದಿಲ್ಲ. ಹೀಗಾಗಿ ಕೊಟ್ಟ ಊರು, ಗಂಡನ ಹೆಸರು ಸಮೇತ ಅವರ ಹೆಸರು ಬರುತ್ತದೆ. ಅದರ ಬೆನ್ನಿಗೇ ‘ಹಕ್ಕು ಬಿಡುಗಡೆ ಪತ್ರ’ವೂ ಬರುತ್ತದೆ. ನಾನು ನೋಡಿದ ಕಡತಗಳಲ್ಲಿ ಎಷ್ಟೋ ಹೆಣ್ಣುಮಕ್ಕಳ ಹೆಸರು ಸರಕಾರಿ ಕಾಗದದಲ್ಲಿ ಮೊದಲ ಸಲ ಕಾಣಿಸಿಕೊಂಡದ್ದು, ತನಗೇನೂ ಬೇಡ ಎಂದು ಹೆಬ್ಬೆಟ್ಟು ಒತ್ತಿದ ದಿನ.

ಹೊಳೆಯಾಚೆ ಯಾವ ಹಳ್ಳಿಯ ಪುಸ್ತಕ ತೆರೆಯಬೇಕೆಂದು ತಿಳಿಯದೆ ನಾನು ಇಲ್ಲಿಗೆ ನಿಂತಿದ್ದೆ. ಹಡಗಲಿ ತಾಲ್ಲೂಕಿನ ಹಳ್ಳಿಗಳನ್ನೆಲ್ಲ ಒಂದೊಂದಾಗಿ ನೋಡುವ ಹುಚ್ಚು ಯೋಚನೆಯೂ ಇತ್ತು. ಅಷ್ಟರಲ್ಲಿ ಈ ಬೇಸಿಗೆಯ ಒಂದು ಸಂಜೆ ಇಬ್ಬರು ಬಂದರು. ಒಬ್ಬರು ಐವತ್ತು ದಾಟಿದವರು, ಇನ್ನೊಬ್ಬ ನನ್ನ ವಯಸ್ಸಿನ ಹುಡುಗ. ಲಕ್ಷ್ಮೇಶ್ವರದ ಕಡೆಯ ಆ ಹಳ್ಳಿಗೆ ಹೋಗಿ ವಿಚಾರಿಸಿ, ಮಗಳನ್ನು ಹುಲಕೋಟಿಗೆ ಕೊಟ್ಟಿದೆ ಎಂದು ತಿಳಿದು ಇಲ್ಲಿಗೆ ಬಂದಿದ್ದರು. ಅವರ ಮುತ್ತಜ್ಜ ತೀರಿಕೊಂಡದ್ದು 1961ರಲ್ಲಿ. ಪಹಣಿ ಇಂದಿಗೂ ಅವನ ಹೆಸರಿನಲ್ಲೇ ಇದೆ. ಈಗ ಪೌತಿ ಖಾತೆ ಮಾಡಿಸಲು ಹೋದರೆ ಅವನ ಎಲ್ಲ ಮಕ್ಕಳ ಲೆಕ್ಕ ಬೇಕು, ಅದರಲ್ಲಿ ಅವನಿಗಿಂತ ಮೊದಲೇ ಸತ್ತ ಒಬ್ಬ ಮಗಳದೂ ಬೇಕು. 1956ರ ಕಾಯ್ದೆಯ ಮೊದಲ ದರ್ಜೆಯ ಪಟ್ಟಿಯಲ್ಲಿ, ಮೊದಲೇ ತೀರಿಕೊಂಡ ಮಗಳ ಮಗಳೂ ಇದ್ದಾಳೆ.

ಹಿರಿಯರು ಪ್ಲಾಸ್ಟಿಕ್ ಚೀಲದಿಂದ ವಂಶವೃಕ್ಷ ತೆಗೆದು ಹಾಸಿದರು. ಮೇಲೆ ಮುತ್ತಜ್ಜ, ಕೆಳಗೆ ನಾಲ್ಕು ಗೆರೆ. ನಾಲ್ಕನೆಯ ಗೆರೆಯ ತುದಿಯಲ್ಲಿ ಒಂದು ಹೆಣ್ಣಿನ ಹೆಸರು, ಮುಂದೆ ಕಂಸದಲ್ಲಿ ‘ಮಯತ’, ಅದರ ಕೆಳಗೆ ಖಾಲಿ ಜಾಗ. ನಾನು ಕಡತದಲ್ಲಿ ಓದಿದ ಹೆಸರು ಅದಲ್ಲ. ಕೇಳಿದ್ದಕ್ಕೆ, ಗಂಡನ ಮನೆಯಲ್ಲಿ ಹೆಸರು ಬದಲಿಸಿದ್ದರು ಎಂದರು. ಎರಡೂ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ, ಆಯಿಗೆ ಅದು ಇಷ್ಟವಿಲ್ಲ.

‘ಆಕಿ ತೀರ್ಕೊಂಡಿದ್ದರ ಕಾಗದ ಏನರ ಅದಾವೇನ್ರಿ?’ ಎಂದು ಅವರು ಕೇಳಿದರು. ಇತ್ತು. ಹುಲಕೋಟಿಯಲ್ಲಿ, ಬಹುಶಃ ಇಡೀ ಲೋಕದಲ್ಲಿ ಅದರ ಗುರುತು ಹಿಡಿಯಬಲ್ಲವನು ನಾನೊಬ್ಬನೇ. ಪ್ರತಿ ತೆಗೆಸಿಕೊಡುತ್ತೇನೆ ಎಂದೆ. ಅವರು ಎರಡನೆಯ ಕಾಗದ ತೆಗೆದರು. ಹಕ್ಕು ಬಿಡುಗಡೆ ಪತ್ರದ ಕರಡು. ಆಯಿಯ ಹೆಸರಿನ ಮುಂದೆ ಹೆಬ್ಬೆಟ್ಟಿಗೆ ಜಾಗ ಬಿಟ್ಟಿದ್ದರು. ಕೆಟ್ಟವರಲ್ಲ. ಮೂರು ಪಾಲಿನ ಹೊಲ, ಸಾಲ ಬೇಕಾಗಿದೆ, ಬ್ಯಾಂಕಿನವರು ಕೇಳುತ್ತಿದ್ದಾರೆ. ಆದರೂ ನನಗೆ ಸಿಟ್ಟು ಬಂತು. ಆಯಿಯನ್ನು ಒಳಗೆ ಕರೆದು ನಿನಗೆ ಪಾಲು ಬರುತ್ತದೆ, ಸಹಿ ಮಾಡಲೇಬೇಕೆಂದಿಲ್ಲ ಎಂದು ಹೇಳಿದೆ.

‘ಗೊತ್ತೈತಿ ಬಿಡು’ ಅಂದಳು. ಹೊರಗೆ ಬಂದು ಹಿರಿಯರ ಎದುರಿಗೆ ಕುಳಿತಳು. ಹೊಲದ ಸುದ್ದಿಯೇ ಎತ್ತಲಿಲ್ಲ. ಮನೆಗೆ ತೊಲೆಬಾಗಿಲು ಯಾವ ದಿಕ್ಕಿಗೆ, ಅವ್ವ ನೀರು ತರುತ್ತಿದ್ದ ಬಾವಿ ಇದೆಯೋ ಮುಚ್ಚಿದರೋ, ಅವ್ವನ ಜೊತೆ ಹುಟ್ಟಿದವರು ಯಾರಾದರೂ ಉಳಿದಿದ್ದಾರೋ ಎಂದು ಕೇಳಿದಳು. 1947ರಲ್ಲಿ ಜಗಳಾಡಿ ಹೋದದ್ದು ಯಾಕೆಂದೂ ಕೇಳಿದಳು. ಆ ಮಾತಿಗೆ ಹಿರಿಯರಲ್ಲಿ ಉತ್ತರವಿರಲಿಲ್ಲ, ಅವರಿನ್ನೂ ಹುಟ್ಟಿರಲಿಲ್ಲ. ಅವ್ವನ ಕಿರಿಯ ತಮ್ಮನ ಹೆಂಡತಿ ಇದ್ದಾಳೆ, ತೊಂಬತ್ತರ ಹತ್ತಿರ, ಕಿವಿ ಕೇಳುವುದಿಲ್ಲ, ಹಳೆಯದೆಲ್ಲ ನೆನಪಿದೆ ಎಂದರು.

‘ಹಂಗಾದ್ರ ಪಂಚಮಿಗೆ ಕರೀಲಿಕ್ಕೆ ಬರ್ರಿ’ ಅಂದಳು ಆಯಿ. ‘ತವರಮನಿಗೆ ಕರೀದ ಹೆಂಗ ಬರೂದು? ಹಬ್ಬಾ ಮಾಡ್ಕೊಂಡು ಮರುದಿನ ಕಚೇರಿಗೆ ಬಂದು ಹೆಬ್ಬಟ್ಟ ಒತ್ತತೀನಿ.’

ಹಿರಿಯರು ಹುಡುಗನ ಮುಖ ನೋಡಿದರು. ಬ್ಯಾಂಕಿನವರು ಅಷ್ಟು ದಿನ ಕಾಯುತ್ತಾರೋ ಇಲ್ಲವೋ ಎಂಬ ಚಿಂತೆ ಇಬ್ಬರಿಗೂ ಇದ್ದಿರಬೇಕು. ಆಮೇಲೆ ಹಿರಿಯರು ಎದ್ದು ಆಯಿಯ ಕಾಲು ಮುಟ್ಟಿ, ‘ಬರ್ತೀವಿ ಅತ್ತಿ’ ಎಂದರು.

ಮುಂಡರಗಿ ದಾಟಿ ಕೊರ್ಲಹಳ್ಳಿಯ ಸೇತುವೆ ಹಿಡಿದರೆ ಆ ಊರು ಇಲ್ಲಿಂದ ಎರಡು ತಾಸಿನ ದಾರಿ. ಎಂಟು ದಿನದ ಹಿಂದೆ ಆ ಹುಡುಗ ಫೋನ್ ಮಾಡಿ, ಕಾರು ತರುತ್ತೇವೆ, ಅಜ್ಜಿಗೆ ಬಸ್ಸು ಬೇಡ ಎಂದ. ಪಂಚಮಿಗೆ ಇನ್ನು 20 ದಿನ ಇದೆ. ಅಳ್ಳು ಹುರಿಸಲು ಬಿಳಿಜೋಳ ಹಸನು ಮಾಡಿಟ್ಟಿದ್ದಾಳೆ ಆಯಿ. ಆ ಕಿವಿ ಕೇಳದ ಅತ್ತಿಗೆ ಗಟ್ಟಿಯಾಗಿ ಕೂಗಿ ಕೇಳಬೇಕಾದ ಪ್ರಶ್ನೆಗಳನ್ನು ನನಗೆ ಬರೆದುಕೊಳ್ಳಲು ಹೇಳಿದ್ದಾಳೆ. ಈವರೆಗೆ ಹನ್ನೊಂದು ಆಗಿವೆ.